ಮೊದಲ ಬಾರಿ ವಿದೇಶಕ್ಕೆ ಹೊರಟವರು ಸುರಕ್ಷತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯಲ್ಲಿ ಯಾರು ವಿದೇಶಕ್ಕೆ ಹೊರಟರೂ ಹೊರಡುವ ಮುಂಚೆ ಒಂದು ಸಂಜೆ ನಮ್ಮ ಮನೆಗೆ ಬಂದು ಕೂರುತ್ತಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ, ಬಾಲಿಗೆ ಹೊರಟ ಹೊಸ ಜೋಡಿ, ದುಬೈಯಲ್ಲಿ ಕೆಲಸ ಸಿಕ್ಕಿತೆನ್ನುವ ಹುಡುಗ. ಎಲ್ಲರ ಮೊದಲ ಪ್ರಶ್ನೆ ಕಳ್ಳರ ಬಗ್ಗೆ. ಆದರೆ ಇಷ್ಟು ವರ್ಷ ನಾನು ಕಂಡಂತೆ ನಮ್ಮವರನ್ನು ಕಳ್ಳರಿಗಿಂತ ಹೆಚ್ಚು ಪೇಚಿಗೆ ಸಿಲುಕಿಸಿರುವುದು ಮಾತ್ರೆಯ ಒಂದು ಹಾಳೆ, ಮಸಾಲೆಯ ಒಂದು ಪೊಟ್ಟಣ, ಓದದೆ ಬಿಟ್ಟ ಒಂದು ದಿನಾಂಕ. ಇವನ್ನೆಲ್ಲ ಹೊರಡುವ ಮುಂಚೆ ಮನೆಯಲ್ಲಿ ಕುಳಿತೇ ಸರಿಪಡಿಸಿಕೊಳ್ಳಬಹುದು. ಆ ಸಂಜೆಗಳಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಾಗದಪತ್ರಗಳಲ್ಲಿ ಮೊದಲು ಏನನ್ನು ನೋಡಬೇಕು?

ಪಾಸ್‌ಪೋರ್ಟಿನ ಅವಧಿಯನ್ನು. ಪ್ರಯಾಣದ ದಿನದ ನಂತರ ಕನಿಷ್ಠ 6 ತಿಂಗಳಾದರೂ ಅದು ಚಾಲ್ತಿಯಲ್ಲಿರಬೇಕು ಎಂದು ಬಹಳಷ್ಟು ದೇಶಗಳು ಕೇಳುತ್ತವೆ. ನಾಲ್ಕು ತಿಂಗಳು ಉಳಿದಿದ್ದರೆ ಬೆಂಗಳೂರಿನ ಚೆಕ್‌-ಇನ್ ಕೌಂಟರಿನಲ್ಲೇ ತಡೆಯಬಹುದು. ಖಾಲಿ ಪುಟಗಳು ಇವೆಯೇ ಎಂದೂ ನೋಡಿಕೊಳ್ಳಿ.

ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ವಿಮೆ, ಟಿಕೆಟ್ ಇವುಗಳ ಎರಡು ಜೆರಾಕ್ಸ್ ಪ್ರತಿ ಮಾಡಿಸಿ. ಒಂದು ನಿಮ್ಮ ಕೈಚೀಲದಲ್ಲಿರಲಿ, ಇನ್ನೊಂದು ಊರಿನಲ್ಲಿ ನಂಬಿಕಸ್ತರ ಬಳಿ ಇರಲಿ. ಫೋಟೋ ತೆಗೆದು ಇಮೇಲಿಗೂ ಕಳಿಸಿಕೊಳ್ಳಿ. ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡರೆ, ಮೊಬೈಲ್ ಕಳೆದ ದಿನ ಅವೂ ಹೋಗುತ್ತವೆ. ನೇಪಾಳ ಮತ್ತು ಭೂತಾನಕ್ಕೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಗುರುತಿನ ಚೀಟಿ ನಡೆಯುತ್ತದೆ.

ಅಮ್ಮ ಒಬ್ಬರೇ ಹೊರಟಿದ್ದಾರೆ, ಇಂಗ್ಲಿಷ್ ಬರುವುದಿಲ್ಲ. ದಾರಿಯಲ್ಲಿ ವಿಮಾನ ಬದಲಿಸಬೇಕು. ಹೇಗೆ?

ಈ ಪ್ರಶ್ನೆ ಕೇಳುವವರ ಮುಖದ ಆತಂಕ ನನಗೆ ಚೆನ್ನಾಗಿ ಗೊತ್ತು. ನನ್ನ ತಾಯಿಯನ್ನು ಮೊದಲ ಸಲ ಕಳಿಸಿದಾಗ ನಾನೂ ಅದೇ ಮುಖ ಹೊತ್ತು ನಿಂತಿದ್ದೆ.

ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿಯ ನೆರವು ಕೇಳಿ. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ನಡೆಯಲು ಬರುವವರು ಯಾಕೆ ಕೇಳಬೇಕು ಎಂಬ ಸಂಕೋಚ ಬೇಡ. ಮೊಣಕಾಲು ನೋವಿರುವವರಿಗೆ, ದೊಡ್ಡ ನಿಲ್ದಾಣದಲ್ಲಿ ಒಂದು ಕಿಲೋಮೀಟರ್ ನಡೆಯಲಾಗದವರಿಗೆ ಇದು ನಿಜವಾದ ಅಗತ್ಯ. ಒಬ್ಬರು ಕರೆದುಕೊಂಡು ಹೋಗಿ ಮುಂದಿನ ವಿಮಾನದ ಬಾಗಿಲಿಗೆ ಬಿಡುತ್ತಾರೆ. ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಬಿಡುವಿರಲಿ.

ಎರಡನೆಯದು, ಒಂದು ಹಾಳೆ. ಅಮ್ಮನಿಗೆ ನಾನು ಬರೆದುಕೊಟ್ಟ ಹಾಳೆಯ ಎಡಬದಿಯಲ್ಲಿ ಕನ್ನಡ, ಬಲಬದಿಯಲ್ಲಿ ಅದೇ ಸಾಲಿನ ಇಂಗ್ಲಿಷ್ ಇತ್ತು. ‘ನನಗೆ ಮುಂದಿನ ವಿಮಾನದ ಬಾಗಿಲು ತೋರಿಸಿ’, ‘ನಾನು ಸಸ್ಯಾಹಾರಿ’, ‘ನನಗೆ ಸಕ್ಕರೆ ಕಾಯಿಲೆ ಇದೆ’, ‘ದಯವಿಟ್ಟು ನನ್ನ ಮಗಳಿಗೆ ಈ ಸಂಖ್ಯೆಗೆ ಫೋನ್ ಮಾಡಿ’. ಕೆಳಗೆ ಮಗಳ ಪೂರ್ತಿ ವಿಳಾಸ, ಮಾತ್ರೆಗಳ ಹೆಸರು, ರಕ್ತದ ಗುಂಪು. ಅಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಹಳೆಯ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋಯಿತು, ಮೊಬೈಲಿನ ಬ್ಯಾಟರಿಯೂ ಮುಗಿದಿತ್ತು. ಅವರು ಸಮವಸ್ತ್ರದ ಹೆಣ್ಣುಮಗಳೊಬ್ಬಳ ಮುಂದೆ ಹಾಳೆ ಬಿಡಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಹತ್ತು ನಿಮಿಷದಲ್ಲಿ ತಂಗಿಯ ಫೋನ್ ರಿಂಗಾಯಿತು. ಆ ಹಾಳೆ ಇಂದಿಗೂ ನಮ್ಮ ಮನೆಯಲ್ಲಿದೆ. ಮಡಿಕೆಗಳಲ್ಲಿ ಸುಣ್ಣದ ಗುರುತಿದೆ.

ಚಟ್ನಿಪುಡಿ, ಉಪ್ಪಿನಕಾಯಿ, ಮಸಾಲೆ ಒಯ್ಯಬಹುದೇ?

ಹೋಗುವ ದೇಶ ಯಾವುದೆಂದು ಮೊದಲು ಹೇಳಬೇಕು. ಇದನ್ನು ಸುರಕ್ಷತೆಯ ಪ್ರಶ್ನೆಯೆಂದು ಯಾರೂ ಎಣಿಸುವುದಿಲ್ಲ, ಆದರೆ ಗಸಗಸೆಯ ಕಥೆ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಗಸಗಸೆ ಅಫೀಮು ಗಿಡದ ಬೀಜ. ನಮಗದು ಪಾಯಸ, ಸಾಗುವಿನ ಮಸಾಲೆ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಸಿಂಗಪುರಗಳಲ್ಲಿ ಅದು ನಿಷಿದ್ಧ ವಸ್ತು. ದುಬೈಗೆ ಹೊರಟ ಮಗನ ಚೀಲಕ್ಕೆ ತಾಯಿ ಪ್ರೀತಿಯಿಂದ ಹಾಕಿದ ನೂರು ಗ್ರಾಂ ಗಸಗಸೆ ಅವನನ್ನು ಮಾದಕವಸ್ತು ಪ್ರಕರಣದ ಬಾಗಿಲಿಗೆ ಒಯ್ಯಬಹುದು. ಮನೆಯಲ್ಲಿ ಬೀಸಿದ ಮಸಾಲೆ ಪುಡಿಯಲ್ಲಿ ಗಸಗಸೆ ಬಿದ್ದಿದೆಯೇ ಎಂದೂ ಕೇಳಿಕೊಳ್ಳಿ. ಗಲ್ಫಿಗಾಗಲಿ ಸಿಂಗಪುರಕ್ಕಾಗಲಿ ಹೋಗುವಾಗ ಗಸಗಸೆ ಮನೆಯ ಡಬ್ಬಿಯಲ್ಲೇ ಉಳಿಯಲಿ. ಜಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ, ಚೂಯಿಂಗ್ ಗಮ್ ಆಮದಿಗೆ 1992ರಿಂದ ನಿಷೇಧವಿದೆ. ಇ-ಸಿಗರೇಟು ಸಿಂಗಪುರದಲ್ಲೂ ಥಾಯ್ಲೆಂಡಿನಲ್ಲೂ ಅಪರಾಧ.

ಒಣ ಕೊಬ್ಬರಿಯನ್ನು ವಿಮಾನದಲ್ಲೇ ಬಿಡುವುದಿಲ್ಲ, ಅದರ ಎಣ್ಣೆಯಂಶಕ್ಕೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಹಾಕುವಂತಿಲ್ಲ.

ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ವಿಚಾರ ಬೇರೆ. ಅವರಿಗೆ ಹೊರಗಿನ ಕೀಟ, ರೋಗ ತಮ್ಮ ಹೊಲಗಳಿಗೆ ಬಂದೀತೆಂಬ ಭಯ. ಬೀಜ, ತುಪ್ಪ, ಹಣ್ಣು, ಬೇವಿನ ಎಲೆ, ಪೂಜೆಯ ಹೂವು ಏನಿದ್ದರೂ ಇಳಿಯುವಾಗ ತುಂಬಿಕೊಡುವ ಘೋಷಣೆಯಲ್ಲಿ ‘ಇದೆ’ ಎಂದು ಬರೆಯಿರಿ. ಬರೆದರೆ ಹೆಚ್ಚೆಂದರೆ ಆ ವಸ್ತುವನ್ನು ತೆಗೆದುಕೊಂಡಾರು, ಮುಚ್ಚಿಟ್ಟರೆ ದಂಡ. ನ್ಯೂಜಿಲೆಂಡಿನಲ್ಲಿ ಮರೆತ ಒಂದು ಸೇಬಿಗೂ ಸ್ಥಳದಲ್ಲೇ 400 ಡಾಲರ್ ಕಟ್ಟಬೇಕಾಗುತ್ತದೆ.

ಬಿಪಿ, ಶುಗರ್ ಮಾತ್ರೆಗಳನ್ನು ಮೂರು ತಿಂಗಳಿಗೆ ಆಗುವಷ್ಟು ಒಯ್ಯಬಹುದೇ?

ಒಯ್ಯಬಹುದು, ವೈದ್ಯರ ಚೀಟಿಯೊಂದಿಗೆ. ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರೂ ಇರಲಿ, ಏಕೆಂದರೆ ನಮ್ಮ ಬ್ರಾಂಡುಗಳು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ. ಕೈಚೀಲದಲ್ಲಿ ಕನಿಷ್ಠ ಒಂದು ವಾರದ್ದು ಇರಲಿ, ಲಗೇಜ್ ತಡವಾಗಿ ಬರುವುದು ಸಾಮಾನ್ಯ. ಇನ್ಸುಲಿನ್ನನ್ನು ಲಗೇಜಿಗೆ ಹಾಕಲೇಬಾರದು.

ಎಚ್ಚರ ಬೇಕಾದದ್ದು ನೋವಿನ ಮತ್ತು ಕೆಮ್ಮಿನ ಔಷಧಗಳ ಬಗ್ಗೆ. ಕೋಡೀನ್ ಇರುವ ಸಿರಪ್, ಟ್ರಮಡಾಲ್ ಮಾತ್ರೆ, ನಿದ್ರೆಯ ಕೆಲವು ಮಾತ್ರೆಗಳಿಗೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮುಂಚೆಯೇ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಬೇಕು. ಅದನ್ನು ಆನ್‌ಲೈನಿನಲ್ಲಿ ಪಡೆಯಬಹುದು. ಜಪಾನಿನಲ್ಲಿ ಶೇ. 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಔಷಧ ಒಯ್ಯುವುದೇ ತಪ್ಪು.

ಪ್ರಯಾಣ ವಿಮೆ ಬೇಕೇ ಬೇಕೆ?

ಬೇಕು. ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕಾದರೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕ ಕೇಳುವುದಿಲ್ಲ, ಆದರೆ ಅತಿ ಹೆಚ್ಚು ಬೇಕಾದದ್ದು ಅಲ್ಲಿಯೇ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು ಹಣವಿಲ್ಲವೆಂದು ಆಸ್ಪತ್ರೆ ಹಿಂದೆ ಕಳಿಸುವಂತಿಲ್ಲ ಎಂದು 1986ರ ಕಾನೂನು ಹೇಳುತ್ತದೆ. ಆದ್ದರಿಂದ ಎದೆನೋವು ಬಂದರೆ ಯೋಚಿಸದೆ 911ಕ್ಕೆ ಕರೆ ಮಾಡಿ. ಬಿಲ್ಲು ಮಾತ್ರ ಆಮೇಲೆ ಬಂದೇ ಬರುತ್ತದೆ, ಮೂರು ದಿನದ ವಾಸ ಮಕ್ಕಳ ಹಲವು ವರ್ಷದ ಉಳಿತಾಯವನ್ನು ನುಂಗಬಲ್ಲದು.

ವಿಮೆ ಕೊಳ್ಳುವಾಗ ಒಂದೇ ಭಾಗವನ್ನು ಓದುವುದಾದರೆ ಮೊದಲೇ ಇರುವ ಕಾಯಿಲೆಗಳ ಭಾಗವನ್ನು ಓದಿ. ಅಗ್ಗದ ಪಾಲಿಸಿಗಳು ಜ್ವರ, ಮೂಳೆಮುರಿತಕ್ಕೆ ಕೊಟ್ಟು ಹೃದಯ, ಮಧುಮೇಹಕ್ಕೆ ಕೈಯೆತ್ತುತ್ತವೆ. ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟದ್ದೇ ಆಮೇಲೆ ಹಣ ನಿರಾಕರಿಸಲು ಕಾರಣವಾಗುತ್ತದೆ.

ಅಮೆರಿಕದ ವೀಸಾ 10 ವರ್ಷಕ್ಕಿದೆ. ಬೇಕಾದಷ್ಟು ದಿನ ಇರಬಹುದಲ್ಲವೇ?

ಇಲ್ಲ. ವೀಸಾ ಬಾಗಿಲು ತಟ್ಟಲು ಕೊಟ್ಟ ಅನುಮತಿ ಮಾತ್ರ. ಎಷ್ಟು ದಿನ ಇರಬಹುದೆಂದು ಇಳಿದ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾರೆ, ಅದು ಐ-94 ಎಂಬ ದಾಖಲೆಯಲ್ಲಿರುತ್ತದೆ. ಪ್ರವಾಸಿಗಳಿಗೆ ಸಾಮಾನ್ಯವಾಗಿ 6 ತಿಂಗಳು. ಇಳಿದ ವಾರವೇ ಮಕ್ಕಳಿಂದ ಅದನ್ನು ಆನ್‌ಲೈನಿನಲ್ಲಿ ತೆಗೆಸಿ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಷೆಂಗೆನ್ ದೇಶಗಳಲ್ಲಿ ಲೆಕ್ಕ ಬೇರೆ: ಯಾವುದೇ 180 ದಿನಗಳಲ್ಲಿ 90 ದಿನ.

ಪರಿಚಯದವರು ‘ಅಲ್ಲಿರುವ ನನ್ನ ತಮ್ಮನಿಗೆ ಇದೊಂದು ಪೊಟ್ಟಣ ಕೊಡಿ’ ಎಂದರೆ?

ನಿಮ್ಮ ಕೈಯಾರೆ ಬಿಚ್ಚಿ, ನೋಡಿ, ನೀವೇ ಮತ್ತೆ ಕಟ್ಟದ ಯಾವುದನ್ನೂ ಒಯ್ಯಬೇಡಿ. ವಿಮಾನ ನಿಲ್ದಾಣದಲ್ಲಿ ಅಪರಿಚಿತರು ಎಷ್ಟೇ ಅಂಗಲಾಚಿದರೂ ಅವರ ಚೀಲ ಮುಟ್ಟಬೇಡಿ. ಒಮ್ಮೆ ಬೀದಿಯ ಹಿರಿಯರೊಬ್ಬರಿಗೆ ಹೊರಡುವ ರಾತ್ರಿ ಹನ್ನೊಂದಕ್ಕೆ ಯಾರೋ ಹೊಲಿದು ಮುಚ್ಚಿದ ದಿಂಬೊಂದನ್ನು ತಂದುಕೊಟ್ಟರು. ಒಲ್ಲೆ ಎನ್ನಲು ಅವರಿಗೆ ದಾಕ್ಷಿಣ್ಯ. ನಾನೇ ಕತ್ತರಿ ತರುತ್ತೇನೆ, ಬಿಚ್ಚಿ ನೋಡೋಣ ಎಂದೆ. ತಂದವರು ದಿಂಬನ್ನು ಎತ್ತಿಕೊಂಡು ಹೊರಟುಹೋದರು. ಒಳಗೇನಿತ್ತೋ ದೇವರೇ ಬಲ್ಲ, ಆದರೆ ಸಿಂಗಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಸಾಗಿಸಿದವರಿಗೆ ಮರಣದಂಡನೆ ಇದೆ. ನನಗೆ ಗೊತ್ತಿರಲಿಲ್ಲ ಎಂಬುದನ್ನು ಸಾಬೀತುಪಡಿಸುವ ಹೊರೆ ಸಿಕ್ಕಿಬಿದ್ದವರ ಮೇಲೆಯೇ ಬೀಳುತ್ತದೆ.

ಹಣವನ್ನು ಹೇಗೆ ಒಯ್ಯಬೇಕು?

ಮೂರು ಕಡೆ ಹಂಚಿ. ಸ್ವಲ್ಪ ನಗದು ಜೇಬಿನಲ್ಲಿ, ಉಳಿದದ್ದು ಒಳಚೀಲದಲ್ಲಿ, ಎರಡನೇ ಕಾರ್ಡ್ ಹೋಟೆಲಿನ ಲಾಕರಿನಲ್ಲಿ. ಹೊರಡುವ ಮುಂಚೆ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ಚಾಲೂ ಮಾಡಿಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಒಟಿಪಿ ಬರಲು ಊರಿನ ಸಿಮ್ ಚಾಲ್ತಿಯಲ್ಲಿರಬೇಕು. ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ, ಯೂರೋದಲ್ಲೋ’ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಆರಿಸಿ, ರೂಪಾಯಿಯ ದರದಲ್ಲಿ ನಷ್ಟ ಹೆಚ್ಚು.

ಜೇಬುಗಳ್ಳರು, ಮೋಸಗಾರರು ಎಲ್ಲಿ ಹೆಚ್ಚು?

ಪ್ರವಾಸಿಗಳು ತಲೆಯೆತ್ತಿ ನೋಡುವ ಕಡೆಗಳಲ್ಲೆಲ್ಲ. ರೋಮಿನ 64ನೇ ನಂಬರಿನ ಬಸ್ ಇದಕ್ಕೆ ಹೆಸರುವಾಸಿ, ಏಕೆಂದರೆ ಅದು ಟರ್ಮಿನಿ ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುತ್ತದೆ. ಪ್ಯಾರಿಸಿನ ಸಾಕ್ರೆ ಕರ್ ಚರ್ಚಿನ ಮೆಟ್ಟಿಲುಗಳ ಬಳಿ ನಿಮ್ಮ ಕೈ ಹಿಡಿದು ಬಣ್ಣದ ದಾರ ಕಟ್ಟಿ ಹಣ ಕೇಳುತ್ತಾರೆ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮುಂದೆ ನಡೆಯಿರಿ. ಬ್ಯಾಂಕಾಕಿನ ಅರಮನೆಯ ಬಳಿ ಸಭ್ಯನೊಬ್ಬ ಬಂದು ‘ಇಂದು ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇನೆ’ ಎಂದರೆ ಆ ದಾರಿ ರತ್ನದ ಅಂಗಡಿಗೆ ಹೋಗುತ್ತದೆ. ಬಾಗಿಲಿನವರೆಗೆ ನೀವೇ ಹೋಗಿ ನೋಡಿ. ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ಸಂಖ್ಯೆ 1155.

ಚಿನ್ನದ ಸರ, ಬಳೆ ಮನೆಯಲ್ಲೇ ಇರಲಿ. ಮಾಂಗಲ್ಯ ಬಿಚ್ಚಲು ಮನಸ್ಸಾಗದವರು ಕರಿಮಣಿಯ ಸಣ್ಣ ಸರ ಹಾಕಿಕೊಂಡು ಕುತ್ತಿಗೆ ಮುಚ್ಚುವ ಉಡುಪು ಧರಿಸಬಹುದು.

ರಸ್ತೆ, ಸ್ಕೂಟರ್, ಸಮುದ್ರ?

ಇವು ಮೂರು ಕಳ್ಳರಿಗಿಂತ ಅಪಾಯಕಾರಿ. ಯುರೋಪಿನ ಬಹುಭಾಗ, ಅಮೆರಿಕ, ದುಬೈಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಮ್ಮ ಕತ್ತು ಹುಟ್ಟಿನಿಂದಲೇ ಮೊದಲು ಬಲಕ್ಕೆ ತಿರುಗಿ ಅಭ್ಯಾಸವಾಗಿದೆ, ಅಲ್ಲಿ ಹತ್ತಿರದ ಗಾಡಿ ಎಡದಿಂದ ಬರುತ್ತದೆ. ಮೊದಲ ಮೂರು ದಿನ ಮಕ್ಕಳ ಕೈ ಬಿಡಬೇಡಿ.

ಬಾಲಿ, ಫುಕೆಟ್‌ಗಳಲ್ಲಿ ಸ್ಕೂಟರ್ ಬಾಡಿಗೆಗೆ ಪಡೆಯುವ ಮುಂಚೆ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅದು ಒಂದು ವರ್ಷ ನಡೆಯುತ್ತದೆ. ಅದಿಲ್ಲದೆ ಬಿದ್ದರೆ ವಿಮೆ ಕೈಕೊಡುತ್ತದೆ. ಪಾಸ್‌ಪೋರ್ಟನ್ನು ಅಡವಿಡಬೇಡಿ, ನಗದು ಠೇವಣಿ ಕೊಡಿ.

ಸಮುದ್ರದಲ್ಲಿ ಕೆಂಪು ಬಾವುಟವಿದ್ದರೆ ಕಾಲೂ ತೋಯಿಸಬೇಡಿ. ಆಸ್ಟ್ರೇಲಿಯದಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಸೆಳೆತ ಎಳೆದರೆ ದಡಕ್ಕೆ ನೇರವಾಗಿ ಸೆಣಸಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಈಜು ಬರದವರು ಕೈ ಎತ್ತಿ ಕೂಗಿ, ತೇಲುತ್ತಿರಿ.

ಪಾಸ್‌ಪೋರ್ಟ್ ಕಳೆದರೆ?

ಮೊದಲು ಪೊಲೀಸ್ ದೂರು, ಅದರ ಪ್ರತಿ. ಆಮೇಲೆ ಭಾರತದ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿ. ಊರಿಗೆ ಬೇಗ ಮರಳಬೇಕಾದರೆ ಅವರು ತುರ್ತು ಪ್ರಮಾಣಪತ್ರ ಕೊಡುತ್ತಾರೆ, ಅದು ಭಾರತಕ್ಕೆ ಒಂದೇ ಸಲದ ಪ್ರಯಾಣಕ್ಕೆ. ಪ್ರವಾಸ ಮುಂದುವರಿಸಲು ಹೊಸ ಪಾಸ್‌ಪೋರ್ಟ್ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕೆಲವು ದೇಶಗಳಲ್ಲಿ ಹೊರಹೋಗಲು ಅಲ್ಲಿನ ವಲಸೆ ಇಲಾಖೆಯ ಒಪ್ಪಿಗೆಯೂ ಬೇಕು. ಕಳೆದಿದೆ ಎಂದು ದಾಖಲಿಸಿದ ಪಾಸ್‌ಪೋರ್ಟ್ ಆಮೇಲೆ ಹಾಸಿಗೆಯ ಕೆಳಗೇ ಸಿಕ್ಕರೂ ಬಳಸುವಂತಿಲ್ಲ. ಆದ್ದರಿಂದ ದೂರು ಕೊಡುವ ಮುಂಚೆ ಎಲ್ಲ ಚೀಲಗಳನ್ನು ಒಮ್ಮೆ ಮಗುಚಿ ನೋಡಿ.

ಗೊತ್ತಿಲ್ಲದೆ ಕಾನೂನು ಮುರಿದು ಪೊಲೀಸರು ಹಿಡಿದರೆ?

ಜಗಳವಾಡಬೇಡಿ, ಲಂಚದ ಮಾತೆತ್ತಬೇಡಿ, ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ‘ಭಾರತದ ರಾಯಭಾರ ಕಚೇರಿಗೆ ತಿಳಿಸಿ’ ಎಂದು ಕೇಳಿ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆ ಹಕ್ಕನ್ನು ನಿಮಗೆ ಕೊಡುತ್ತದೆ. ಕಚೇರಿಯವರು ನಿಮ್ಮನ್ನು ಬಿಡಿಸಿಕೊಂಡು ಬರಲಾರರು, ಅಲ್ಲಿನ ಕಾನೂನು ಅಲ್ಲಿನದೇ. ಆದರೆ ಭೇಟಿ ಮಾಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಯವರಿಗೆ ಸುದ್ದಿ ಮುಟ್ಟಿಸಬಹುದು.

ಥಾಯ್ಲೆಂಡಿನ ರಾಜಮನೆತನವನ್ನು ಅವಮಾನಿಸಿದರೆ 3ರಿಂದ 15 ವರ್ಷ ಜೈಲು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೋ ತೆಗೆಯುವುದು, ವಾಟ್ಸ್‌ಆ್ಯಪಿನಲ್ಲಿ ಬೈಯುವುದು ಎರಡೂ ಅಪರಾಧ.

ಏಜೆಂಟರೊಬ್ಬರು ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ ಎನ್ನುತ್ತಿದ್ದಾರೆ. ನಂಬಬಹುದೇ?

ಇಲ್ಲಿ ನನ್ನ ಉತ್ತರ ಉದ್ದವಾಗುತ್ತದೆ. ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರು, ಮನೆಯಲ್ಲಿ ಸಾಲವಿರುವವರು.

ಬ್ಯಾಂಕಾಕಿನಲ್ಲಿ ಇಳಿಸಿಕೊಂಡು ಕಾರಿನಲ್ಲಿ ಗಡಿಯ ಮೇ ಸೊಟ್ ಪಟ್ಟಣಕ್ಕೆ ಒಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ಗೋಡೆ ಕಟ್ಟಿದ ಆವರಣಗಳಿಗೆ ತಳ್ಳುತ್ತಾರೆ. ಅಲ್ಲಿ ಪಾಸ್‌ಪೋರ್ಟ್ ಕಸಿದು, ಆನ್‌ಲೈನಿನಲ್ಲಿ ಜನರಿಗೆ ವಂಚಿಸುವ ಕೆಲಸ ಮಾಡಿಸುತ್ತಾರೆ, ಒಪ್ಪದಿದ್ದರೆ ಹೊಡೆಯುತ್ತಾರೆ. ಕಾಂಬೋಡಿಯ, ಲಾವೋಸ್‌ಗಳಲ್ಲೂ ಇಂಥ ಆವರಣಗಳಿವೆ. ನಮ್ಮ ವಿದೇಶಾಂಗ ಇಲಾಖೆ 2022ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಗುರುತುಗಳು ಸುಲಭ. ‘ಸದ್ಯ ಪ್ರವಾಸಿಯಾಗಿ ಹೋಗಿ, ಕೆಲಸದ ವೀಸಾ ಅಲ್ಲಿ ಮಾಡಿಸೋಣ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದೂ ರಸೀದಿಯೊಂದಿಗೆ. ಎರಡು ಲಕ್ಷ ಕೇಳುವವನು ನಿಮ್ಮ ಹಿತೈಷಿಯಲ್ಲ.

ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಅದು ತೊಡಕಲ್ಲ, ನಿಮ್ಮ ಒಪ್ಪಂದವನ್ನು ಸರ್ಕಾರ ಒಮ್ಮೆ ನೋಡಿದೆ ಎಂಬ ಭರವಸೆ. ಅದರೊಂದಿಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ, ರಕ್ಷಣೆ 10 ಲಕ್ಷ. ಅದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಹೋದವರಿಗೆ ಸಂಬಳ ಸಿಗದಿದ್ದಾಗ ತೋರಿಸಲು ಒಂದು ಕಾಗದವೂ ಇರುವುದಿಲ್ಲ.

ಈಗಾಗಲೇ ಸಿಲುಕಿದವರ ಮನೆಯವರು ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು, 2015ರಿಂದ ಅದು ಕೆಲಸ ಮಾಡುತ್ತಿದೆ. ಟಿಕೆಟ್, ಚಿಕಿತ್ಸೆ, ಕಾನೂನು ನೆರವಿಗೆ ಗತಿಯಿಲ್ಲದವರಿಗಾಗಿ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ. ಕೇಳಿದರೆ ಮಾತ್ರ ಸಿಗುತ್ತದೆ, ಆದ್ದರಿಂದ ಹೆಸರು ಹಿಡಿದು ಕೇಳಿ.

ಹೋದ ದೇಶದಲ್ಲಿ ಯುದ್ಧ, ಗಲಭೆ ಶುರುವಾದರೆ?

2022ರ ಫೆಬ್ರುವರಿ 15ರಂದು, ಇರಲೇಬೇಕಾದ ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಉಕ್ರೇನ್ ಬಿಡಿ ಎಂದು ನಮ್ಮ ರಾಯಭಾರ ಕಚೇರಿ ಹೇಳಿತ್ತು. 24ರಂದು ಯುದ್ಧ ಶುರುವಾಯಿತು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆ ಮಕ್ಕಳಿಗೆ ತರಗತಿ ಬಿಡುವುದೂ ದುಬಾರಿ ಟಿಕೆಟ್ ಕೊಳ್ಳುವುದೂ ಸುಲಭವಿರಲಿಲ್ಲ, ಅವರನ್ನು ದೂರಲಾರೆ. ಆದರೂ ನನ್ನ ಮಾತಿಷ್ಟೇ: ‘ಹೊರಡಿ’ ಎಂಬ ಮೊದಲ ಸೂಚನೆ ಬಂದಾಗಲೇ ಹೊರಡಿ.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ, ಗಿಡಮೂಲಿಕೆಯ ಎಣ್ಣೆ, ಔಷಧ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಎಲ್ ಫಾಶರ್‌ನಂಥ ದೂರದ ಊರಿನಲ್ಲೂ ಸಿಕ್ಕಿಕೊಂಡಿದ್ದರು. ಅವರು ಮೊಬೈಲಿನಿಂದ ಕಳಿಸಿದ ವಿಡಿಯೋಗಳಿಂದ ಅವರಿರುವ ಜಾಗ ಊರಿಗೆ ತಿಳಿಯಿತು. ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಜನರನ್ನು ಕರೆತಂದರು. ಅಶಾಂತ ದೇಶಕ್ಕೆ ಹೋಗಲೇಬೇಕಾದರೆ ಇಳಿದ ದಿನವೇ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ನೋಂದಾಯಿಸಿ. ನೀವು ಎಲ್ಲಿದ್ದೀರೆಂದು ತಿಳಿಯದೆ ಯಾರೂ ಬರಲಾರರು.

ರಾಯಭಾರ ಕಚೇರಿಯಿಂದಲೇ ಫೋನ್ ಬಂದು ಹಣ ಕೇಳಿದರೆ?

ಅದು ಮೋಸ. ತೆರೆಯ ಮೇಲೆ ಕಚೇರಿಯ ನಿಜವಾದ ಸಂಖ್ಯೆಯೇ ಕಾಣುವಂತೆ ಮಾಡುತ್ತಾರೆ. ಕರೆ ಕಡಿದು, ಜಾಲತಾಣದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ.

ಒಂಟಿಯಾಗಿ ಹೊರಟ ಹೆಣ್ಣುಮಕ್ಕಳಿಗೆ?

ಮೊದಲ ರಾತ್ರಿ ಕತ್ತಲಾಗುವ ಮುಂಚೆ ತಲುಪುವಂಥ ವಿಮಾನ ಹಿಡಿಯಿರಿ. ಹೋಟೆಲಿನವರು ಕೋಣೆಯ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದರೆ ಬೇರೆ ಕೋಣೆ ಕೇಳಿ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಇರುವ ಊರನ್ನು ಸಾಮಾಜಿಕ ಜಾಲತಾಣದಲ್ಲಿ ಅಲ್ಲಿಂದ ಹೊರಟ ಮೇಲೆ ಹಾಕಿ. ಮನಸ್ಸಿಗೆ ಸರಿಯೆನಿಸದ ಜಾಗದಿಂದ ಎದ್ದುಬರುವುದು ಅಸಭ್ಯತೆಯಲ್ಲ.

ಆಫ್ರಿಕಾದ ಸಫಾರಿಗೆ ಲಸಿಕೆ ಬೇಕೆ?

ಕೀನ್ಯಾದಂಥ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ಸಲ್ಲುತ್ತದೆ. ಅದಿಲ್ಲದೆ ಮರಳಿದರೆ ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯ ಮಾತ್ರೆಯ ಬಗ್ಗೆಯೂ ಅದೇ ಭೇಟಿಯಲ್ಲಿ ವೈದ್ಯರನ್ನು ಕೇಳಿ.

ತುರ್ತು ಸಂಖ್ಯೆಗಳು?

ಅಮ್ಮನ ಹಾಳೆಯ ಹಿಂಬದಿಯಲ್ಲಿ ಬರೆದುಕೊಡಿ, ಹೋಗುವ ದೇಶದ್ದು ಮಾತ್ರ. ಯುರೋಪ್ ಒಕ್ಕೂಟ 112, ಅಮೆರಿಕ 911, ಬ್ರಿಟನ್ 999, ಆಸ್ಟ್ರೇಲಿಯ 000, ನ್ಯೂಜಿಲೆಂಡ್ 111. ಸಿಂಗಪುರದಲ್ಲಿ ಪೊಲೀಸ್ 999, ಆಂಬುಲೆನ್ಸ್ 995. ದುಬೈಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998. ಜಪಾನಿನಲ್ಲಿ ಪೊಲೀಸ್ 110, ಆಂಬುಲೆನ್ಸ್ 119. ಶ್ರೀಲಂಕಾದಲ್ಲಿ ಆಂಬುಲೆನ್ಸಿಗೆ 1990. ದೊಡ್ಡ ಅಕ್ಷರದಲ್ಲಿ ಬರೆಯಿರಿ, ಕನ್ನಡಕ ಇಲ್ಲದೆಯೂ ಅವರಿಗೆ ಓದಲು ಬರಬೇಕು.